ರಟ್ಟಿನ ಪೆಟ್ಟಿಗೆಯ ಲಾಂಛನ

ಇಲ್ಲಿ ಸ್ವೀಡನ್ನಿನಲ್ಲಿ, ಕಿಸ್ಟಾದ ಆಫೀಸಿನಿಂದ ಮನೆಗೆ ಬಂದು ಬೂಟು ಬಿಚ್ಚುವಷ್ಟರಲ್ಲಿ ನನಗೆ ಸಾಕುಸಾಕಾಗಿರುತ್ತದೆ. ಚಳಿಗಾಲದಲ್ಲಂತೂ ಮಧ್ಯಾಹ್ನವೇ ಕತ್ತಲು. ಅಂಥದೊಂದು ಸಂಜೆ ಅನ್ನಕ್ಕಿಡುತ್ತಿದ್ದೆ, ನಾಲ್ಕನೇ ಕ್ಲಾಸಿನ ಮಗಳು ಡ್ರಾಯಿಂಗ್ ಹಾಳೆ ಹಿಡಿದು ಬಂದಳು. ಇಲ್ಲಿನ ಹಳೆಯ ದೊಡ್ಡ ಮನೆತನಗಳಿಗೆ ಗುರಾಣಿಯ ಆಕಾರದ ಒಂದೊಂದು ಲಾಂಛನವಿರುತ್ತದೆ. ಶಾಲೆಯಲ್ಲಿ ಆ ಪಾಠ ಮಾಡಿ, ನಿಮ್ಮ ನಿಮ್ಮ ಮನೆಗೂ ಒಂದು ಲಾಂಛನ ಬರೆದು ಅರ್ಥ ಹೇಳಿ ಎಂದಿದ್ದರಂತೆ ಟೀಚರ್.

“ಸಿಂಹ ಹಾಕು,” ಎಂದರು ನನ್ನ ಗಂಡ, ಫೋನಿನಿಂದ ತಲೆಯೆತ್ತದೆ.

ಸಿಂಹವಂತೆ! ಮೇಲಿನ ಮನೆಯವರು ಗಲಾಟೆ ಮಾಡಿದರೆ ಕೇಳಲು ನನ್ನನ್ನು ಕಳಿಸುವ ಮನುಷ್ಯ. ನಾನು ಗಂಡಭೇರುಂಡ ಎಂದೆ. ಎರಡು ತಲೆ ಯಾಕೆ ಎಂದಳು. “ಒಂದು ಆಫೀಸಿಗೆ, ಒಂದು ಅಡುಗೆಮನೆಗೆ,” ಎಂದೆ. ಅವಳು ನಗಲಿಲ್ಲ. ಮನೆಯಲ್ಲಿ ನಿಜವಾಗಿ ಇರುವುದನ್ನೇ ಬರೆಯಬೇಕಂತೆ.

ಹಾಗಂತ ಅವಳು ಬರೆದದ್ದು ರಟ್ಟಿನ ಪೆಟ್ಟಿಗೆ. ನೀಲಿ ಗುರಾಣಿಯ ನಡುವೆ, ಬಾಯಿ ತೆರೆದ ಖಾಲಿ ಪೆಟ್ಟಿಗೆ.

ತಪ್ಪೇನೂ ಇರಲಿಲ್ಲ. ಎರಡು ವರ್ಷ ಇದ್ದು ಹೋಗೋಣ ಎಂದು ಬಂದವರು ನಾವು. ಟಿವಿ, ಮಿಕ್ಸಿ, ಕುಕ್ಕರ್, ಯಾವುದರ ಪೆಟ್ಟಿಗೆಯನ್ನೂ ಎಸೆದಿಲ್ಲ. ಊರಿಗೆ ಸಾಗಿಸುವಾಗ ಬೇಕಾಗುತ್ತದಲ್ಲ ಎಂದು ಥರ್ಮೋಕೋಲ್ ಸಮೇತ ನೆಲಮಾಳಿಗೆಯ ಸಾಮಾನು ಕೋಣೆಯಲ್ಲಿ ಜೋಡಿಸಿಟ್ಟಿದ್ದೇವೆ. ಮೊದಲನೇ ಟಿವಿ ಕೆಟ್ಟು ಹೋಯಿತು, ಅದರ ಪೆಟ್ಟಿಗೆ ಈಗಲೂ ಇದೆ. ಬರುವ ವರ್ಷ, ಬರುವ ವರ್ಷ ಎನ್ನುತ್ತ ಮಗಳಿಗೆ ಹತ್ತಾಯಿತು. ಅವಳು ಇನ್ನೂ ಸೋಫಾ ಬಿಡಿಸಿಯೇ ಮಲಗುತ್ತಾಳೆ. ಮಂಚ ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: “ನೋಡೋಣ. ಹೋಗೋವಾಗ ಅದನ್ನೇನ್ ಮಾಡೋದು?”

“ಇದರ ಅರ್ಥ ಏನಂತ ಹೇಳ್ತೀಯ ಕ್ಲಾಸಲ್ಲಿ?” ಎಂದು ಕೇಳಿದೆ.

“ನಾವು ಯಾವತ್ ಬೇಕಾದ್ರೂ ಹೊರಟ್ಹೋಗ್ತೀವಿ ಅಂತ.”

ನನಗೆ ರೇಗಿತು. ದಿನವಿಡೀ ದುಡಿದು ಬಂದವಳಿಗೆ ಇದೊಂದು ಕಡಿಮೆಯಾಗಿತ್ತು. ಚೆನ್ನಾಗಿರೋದು ಏನಾದ್ರೂ ಬರೀಬಾರದಾ, ಒಂದು ಹೂವೋ ದೀಪವೋ, ಎಂದು ಗದರಿದೆ. ಮಗಳು ಸಾಮಾನ್ಯವಾಗಿ ಸ್ವೀಡಿಷ್‌ನಲ್ಲೇ ತಿರುಗಿ ಮಾತಾಡುವವಳು. ಏನಾದರೂ ಬೇಕಾದಾಗ ಮಾತ್ರ ಕನ್ನಡ. ಅವತ್ತು ಕನ್ನಡದಲ್ಲೇ, ಮೆಲ್ಲಗೆ ಕೇಳಿದಳು.

“ಅಮ್ಮಾ, ಟಿವಿಗೆ ಬಾಕ್ಸ್ ಇದೆ, ಮಿಕ್ಸಿಗೂ ಇದೆ. ನಾನು ಇಲ್ಲೇ ಹುಟ್ಟಿದ್ದಲ್ವಾ. ನಂಗೆ ಬಾಕ್ಸೇ ಇಲ್ವಲ್ಲ, ನನ್ನನ್ನ ಹೇಗೆ ತಗೊಂಡ್ಹೋಗ್ತೀರಾ?”

ಗಂಡ ಫೋನು ಕೆಳಗಿಟ್ಟರು. ಇಷ್ಟು ವರ್ಷ ಹೋಗುವ ಯೋಚನೆಯನ್ನು ಹೊತ್ತು ಸುಸ್ತಾದದ್ದು ನಾನೊಬ್ಬಳೇ ಎಂದುಕೊಂಡಿದ್ದೆ.

ಒಲೆ ಆರಿಸಿ, “ನಡಿ, ಮಂಚ ಎಲ್ಲಿ ಹಾಕೋದು ನೋಡೋಣ,” ಎಂದೆ.

ಅವಳು ಎದ್ದು ಬರಲಿಲ್ಲ. ಪೆನ್ಸಿಲ್ ಹಿಡಿದೇ ನನ್ನ ಮುಖ ನೋಡುತ್ತ ಕೂತಳು. ನನ್ನ ‘ನೋಡೋಣ’ ಅವಳಿಗೆ ಹೊಸದೇನಲ್ಲ.