ಕೀ ಕೊಟ್ಟು ನಿಲ್ಲಿ
ನ್ಯಾಮತಿಯ ಮೆಕ್ಯಾನಿಕ್ ಸೈಫುಲ್ಲಾನಿಗೆ ಹಳೆ ಕಾರಿನ ಮಾಲೀಕರ ಮಾತಿನಲ್ಲಿ ನಂಬಿಕೆಯೇ ಇಲ್ಲ. ‘ಆಯಿಲ್ ಎಲ್ಲಿ ಸೋರ್ತೈತೆ ಅಂತ ಆಯಿಲ್ಲೇ ಹೇಳ್ಬೇಕ್ರೀ’ ಎನ್ನುತ್ತ ಇಂಜಿನ್ನಿನ ತಳ ಒರೆಸಿ, ಮದುಮಗಳಿಗೆ ಬಳಿದಂತೆ ಪೌಡರ್ ಬಳಿದು, ಒಂದಿಷ್ಟು ಹೊತ್ತು ಇಂಜಿನ್ ಓಡಿಸಿ ನಿಲ್ಲಿಸುತ್ತಾನೆ. ಆಮೇಲೆ ಬಿಳಿ ಪೌಡರಿನ ಮೇಲೆ ಮೂಡಿದ ಕಪ್ಪು ಗೆರೆ ಹುಡುಕಲು ಕಾರಿನಡಿಗೆ ನುಸುಳಬೇಕು. ಅದಕ್ಕೆ ಮುಂಚೆ ಕೀ ಅವನ ಜೇಬು ಸೇರಲೇಬೇಕು, ಮಾಲೀಕ ಮಂತ್ರಿಯಾದರೂ ಸರಿ. ಅವನು ಅಡಿಯಲ್ಲಿರುವಾಗ ಯಾರೂ ಬಾಗಿಲಿಗೆ ಒರಗುವಂತಿಲ್ಲ, ಜೋರಾಗಿ ಕೆಮ್ಮುವಂತಿಲ್ಲ. ಮೊನ್ನೆ ನಲ್ಲೂರಿನ ಗಿರಾಕಿಯೊಬ್ಬ ಸುಮ್ಮನೆ ಸೀಟಿನಲ್ಲಿ ಹೋಗಿ ಕೂತು, ‘ಸ್ಟಾರ್ಟ್ ಮಾಡ್ಲೇನ್ರೀ? ನನ್ ಹತ್ರ ಇನ್ನೊಂದು ಕೀ ಐತೆ’ ಎಂದ. ಕಾರಿನಡಿಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತು. ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದ ಸೈಫುಲ್ಲಾನ ಒಂಟಿಕಾಲಿನ ಅಣ್ಣ ಬುಡನ್‌ಸಾಬ್ ಊರುಗೋಲನ್ನು ಅಡ್ಡ ಚಾಚಿ, ಮೆಲ್ಲಗೆ ಹೇಳಿದ: ‘ಇಳೀರಿ ಸ್ವಾಮಿ. ಅವತ್ತು ನಾನು ಅಡಿಗಿದ್ದಾಗ ಸ್ಟಾರ್ಟ್ ಮಾಡಿದ್ದು ಈ ನನ್ ತಮ್ಮನೇ.’