ಜೂನ್ ಒಂದರಂದು ಹುಟ್ಟಿದವರು

ನಾನು ಹುಟ್ಟಿದ್ದು ಜೂನ್ ಒಂದಕ್ಕೆ ಎಂದು ಸರ್ಕಾರ ಬಹಳ ವರ್ಷ ನಂಬಿತ್ತು. ನಮ್ಮೂರಿನ ಹೆಡ್‌ಮಾಸ್ತರರು ಹಾಗೆ ಬರೆದಿದ್ದರು. ಶಾಲೆ ಶುರುವಾಗುವ ದಿನಕ್ಕೇ ಮಗುವಿಗೆ ವಯಸ್ಸು ತುಂಬಿದರೆ ಅವರಿಗೆ ಲೆಕ್ಕ ಸುಲಭ. ದೇವದುರ್ಗ ತಾಲೂಕಿನಲ್ಲಿ, ಹೊಳೆದಂಡೆಯ ಗೂಗಲ್ ಎಂಬ ಊರಿಗೆ ಹತ್ತಿರದ ನಮ್ಮ ಓಣಿಯಲ್ಲಿ, ಕೂಲಿಗೆ ಹೋಗುವ ತಾಯಂದಿರು ತಾರೀಕು ಹೇಳುತ್ತಿರಲಿಲ್ಲ. ಹೊಳೆ ಬಂದದ್ದು, ಸಜ್ಜೆ ಕೊಯ್ದದ್ದು, ಎಮ್ಮೆ ಈದದ್ದು ಹೇಳುತ್ತಿದ್ದರು. ಮಾಸ್ತರರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಮಾನ್ವಿಯ ಹೆಣ್ಣುಮಕ್ಕಳ ಹಾಸ್ಟೆಲ್ ಸೇರಿದೆ. ನೋಡಿದರೆ ಅಲ್ಲಿದ್ದವರೂ ಹೆಚ್ಚುಕಡಿಮೆ ಎಲ್ಲರೂ ಜೂನ್ ಒಂದರವರೇ. ಅಡುಗೆಯಾಕೆಗೆ ಇದೊಂದು ದೊಡ್ಡ ತಮಾಷೆ. ರಜೆ ಮುಗಿದು ನಾವು ಟ್ರಂಕು ಹೊತ್ತು ಬಂದ ದಿನ ಗೋದಿ ಹುಗ್ಗಿ ಮಾಡಿ ಬಡಿಸುತ್ತ, ಎಲ್ಲಾರೂ ಒಂದ ದಿನ ಹುಟ್ಟೀರಲ್ಲಬೇ, ಅವತ್ತ ಆ ಸೂಲಗಿತ್ತಿಗೆ ಉಣ್ಣಾಕರ ಪುರುಸೊತ್ತು ಸಿಕ್ಕಿತ್ತೋ ಇಲ್ಲೋ ಎನ್ನುತ್ತಿದ್ದಳು. ನಾವು ಅವಳನ್ನು ಯವ್ವಾ ಎಂದೇ ಕರೆಯುತ್ತಿದ್ದೆವು. ರೊಟ್ಟಿ ಬಡಿಯುವ ಅವಳ ಕೈ ಬೆನ್ನ ಮೇಲೆ ಬಿದ್ದರೆ ಎರಡು ದಿನ ನೆನಪಿರುತ್ತಿತ್ತು. ಜ್ವರ ಬಂದರೆ ಅದೇ ಕೈ ರಾತ್ರಿಯಿಡೀ ಹಣೆಯ ಮೇಲಿರುತ್ತಿತ್ತು. ನಾನು ಓದಿ ಮನುಷ್ಯಳಾಗಿದ್ದರೆ ಅದರಲ್ಲಿ ಅರ್ಧ ಅವಳ ರೊಟ್ಟಿಯದು.

ತನ್ನ ಹುಟ್ಟಿನ ಬಗ್ಗೆ ಮಾತ್ರ ಅವಳಿಗೆ ಜಂಬವಿತ್ತು. ಅವಳಪ್ಪ ನಿಜಾಮರ ಕಾಲದಲ್ಲಿ ಊರ ಪಟೇಲರ ಆಳಾಗಿದ್ದವನು. ಮಗಳು ಹುಟ್ಟಿದಾಗ ಪಟೇಲರ ಬೆನ್ನುಬಿದ್ದು ದಫ್ತರದಲ್ಲಿ ಬರೆಸಿದ್ದ. ಆಗಿನ ದಫ್ತರ ಉರ್ದುವಿನಲ್ಲಿ, ತಿಂಗಳು ನಿಜಾಮರ ಲೆಕ್ಕದ ಫಸಲಿ ತಿಂಗಳು, ಇಸವಿಯೂ ಫಸಲಿ ಇಸವಿ. ಅದರ ನಕಲನ್ನೇ ನೌಕರಿಗೆ ಸೇರುವಾಗ ಕೊಟ್ಟಿದ್ದಳು. ಖುರ್ದಾದ್ ತಿಂಗಳು, ಸಾವಿರದ ಮುನ್ನೂರ ನಲವತ್ತಾರನೆಯ ಫಸಲಿ. ನಿಮ್ಮಂಗ ಮಾಸ್ತರ ಹಡದಿದ್ದಲ್ಲ ನನ್ನ, ನಂದು ಖರೇ ತಾರೀಖು ಎಂದು ಹಂಗಿಸುತ್ತಿದ್ದಳು.

ಎಂಬತ್ತರ ದಶಕದಲ್ಲಿ ಹೈದರಾಬಾದಿಗೆ ಹೋಗಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದೆ. ರಾಯಚೂರಿನ ಒಂದು ಕಛೇರಿಯಲ್ಲಿ ದಿನಗೂಲಿಯ ಮೇಲೆ ಕೆಲಸ ಸಿಕ್ಕಿತು. ನಮ್ಮ ಹಾಸ್ಟೆಲ್ಲೂ ಆ ಕಛೇರಿಗೇ ಸೇರಿತ್ತು. ಊರಿಗೆಲ್ಲ ಬೆಂಕಿಯಂಥ ಬಿಸಿಲು, ಕಂಪ್ಯೂಟರಿಗೆ ಮಾತ್ರ ತಂಪು ಮಾಡಿದ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ಅದು ತಪ್ಪು ಮಾಡುತ್ತದೆ ಎಂದು ಅನ್ನುವುದು ದೇವರನ್ನು ಬೈದಷ್ಟೇ ಪಾಪ.

ಎಂಬತ್ತೆಂಟರಲ್ಲಿ ಒಂದು ದಿನ ಯವ್ವ ಮಾನ್ವಿಯಿಂದ ಬಸ್ಸು ಹಿಡಿದು ಬಂದು, ಎರಡು ಅಂತಸ್ತು ಮೆಟ್ಟಿಲು ಹತ್ತಿ, ಆ ಕೋಣೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ನಿವೃತ್ತಿಯ ನೋಟೀಸು.

"ನನಗ ಎಂಬತ್ತೆಂಟು ವರ್ಸ ಅಂತ. ನಿನ್ನ ಮಿಶಿನ್ನ ಹೇಳೇದಂತ," ಎಂದಳು.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ನೌಕರಿ ಹೋದರೆ ಹಾಸ್ಟೆಲ್ಲಿನ ಹಿಂದಿನ ಅವಳ ಒಂದು ಕೋಣೆಯೂ ಹೋಗುತ್ತಿತ್ತು. ಬೇರೆ ಮನೆಯೆಂಬುದು ಅವಳಿಗೆ ಇರಲಿಲ್ಲ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ದಿನಗೂಲಿಯವರೂ ಸೇರಿ ನೌಕರರೆಲ್ಲರ ವಿವರ ಕಂಪ್ಯೂಟರಿನಲ್ಲಿ ಸಾಲು ಸಾಲಾಗಿ ಇತ್ತು. ಹುಟ್ಟಿದ ದಿನದ ಕಾಲಂ ತಾರೀಕಿನದು. ಅದು ದಿನ, ತಿಂಗಳು, ವರ್ಷವನ್ನು ಎರಡೆರಡೇ ಅಂಕಿಗಳಲ್ಲಿ ಕೊಟ್ಟರಷ್ಟೇ ಒಪ್ಪುತ್ತಿತ್ತು. ಖುರ್ದಾದ್ ಎಂದರೆ ಒಪ್ಪದೆ ಖಾಲಿ ಬಿಡುತ್ತಿತ್ತು. ವಯಸ್ಸು ಲೆಕ್ಕ ಹಾಕುವ ಪ್ರೋಗ್ರಾಂ ಖಾಲಿಯನ್ನು ಸೊನ್ನೆ ಎಂದು ಓದುತ್ತಿತ್ತು. ಎಂಬತ್ತೆಂಟರಲ್ಲಿ ಸೊನ್ನೆ ಕಳೆದರೆ ಎಂಬತ್ತೆಂಟು. ಫಸಲಿಯವರು, ‘ಸೇರಿದಾಗ ಅಂದಾಜು ಇಪ್ಪತ್ತೈದು’ ಎಂದು ಬರೆಸಿದ್ದವರು, ಎಲ್ಲರೂ ಒಂದೇ ದಿನದಲ್ಲಿ ಎಂಬತ್ತೆಂಟರ ಮುದುಕರಾಗಿದ್ದರು. ನನ್ನ ಸುಳ್ಳು ಜೂನ್ ಒಂದನ್ನು ಮಾತ್ರ ಅದು ಕಣ್ಣುಮುಚ್ಚಿ ನಂಬಿತ್ತು, ಅದು ನೋಡಲು ತಾರೀಕಿನಂತೆ ಇತ್ತಲ್ಲ.

ಅಧಿಕಾರಿಗಳ ಬಳಿ ಹೋದೆ. ಅವರು ಮೈಸೂರಿನ ಕಡೆಯವರು, ಕೆಟ್ಟವರಲ್ಲ, ಆದರೆ ಪಟ್ಟಿಗೆ ಸಹಿ ಹಾಕಿ ಮೇಲಕ್ಕೆ ಕಳಿಸಿಬಿಟ್ಟಿದ್ದರು. ಈಗ ತಪ್ಪೆಂದರೆ ಮರ್ಯಾದೆ ಪ್ರಶ್ನೆ. ಫಸಲಿಗೆ ಐನೂರ ತೊಂಬತ್ತೊಂದು ಕೂಡಿಸಿದರೆ ಇಸವಿ ಸಿಗುತ್ತದೆ, ಈಕೆಗೆ ಐವತ್ತೊಂದು ಎಂದು ಬಿಡಿಸಿ ಹೇಳಿದೆ. ಅವರು ದನಿ ತಗ್ಗಿಸಿದರು.

"ನೋಡಮ್ಮ, ಒಂದು ಕೆಲಸ ಮಾಡು. ಜೂನ್ ಒಂದು, ಮೂವತ್ತನೇ ಇಸವಿ ಅಂತ ಟೈಪ್ ಮಾಡು. ನಿವೃತ್ತಿಗೆ ಬೇಕಾದ ಐವತ್ತೆಂಟಾಗುತ್ತೆ. ಪಟ್ಟಿಯೂ ಸರಿಹೋಗುತ್ತೆ."

ಪಟ್ಟಿ ಸರಿಹೋಗಲಿಕ್ಕೆ ಒಬ್ಬಳ ಏಳು ವರ್ಷ ನುಂಗಬೇಕಂತೆ. ನಾನು ಟೈಪ್ ಮಾಡುವುದಿಲ್ಲ ಎಂದೆ. ದಿನಗೂಲಿಯವಳ ಬಾಯಲ್ಲಿ ಆ ಮಾತು ಅವರು ನಿರೀಕ್ಷಿಸಿರಲಿಲ್ಲ. ನಾಳೆಯಿಂದ ಬರಬೇಡ ಎನ್ನಬಹುದಿತ್ತು. ಅನ್ನುವ ಮೊದಲೇ ನಾನು ಹೊರಗೆ ಬಂದಿದ್ದೆ.

ಆ ಮಧ್ಯಾಹ್ನ ತಾರೀಕಿನ ಕಾಲಂ ತೆಗೆದು ಅದನ್ನು ಅಕ್ಷರಗಳ ಕಾಲಂ ಮಾಡಿದೆ. ಅಷ್ಟೇ ನನ್ನ ದಂಗೆ. ಇದ್ದ ತಾರೀಕುಗಳನ್ನೆಲ್ಲ ಅಕ್ಷರವಾಗಿ ಬದಲಿಸಿದೆ, ಖಾಲಿ ಇದ್ದ ಕಡೆ ಕಡತದಲ್ಲಿ ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಿದೆ. ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಖುರ್ದಾದ್ ಎಂದು ಬರೆದೆ. ಪ್ರೋಗ್ರಾಮಿಗೂ ಹೇಳಿದೆ: ತಾರೀಕೆಂದು ಓದಲು ಬಂದರೆ ವಯಸ್ಸು ಲೆಕ್ಕ ಹಾಕು, ಬರದಿದ್ದರೆ ಬಾಯಿ ಮುಚ್ಚಿಕೊಂಡು ‘ಕಡತ ನೋಡಿ’ ಎಂದು ಅಚ್ಚುಮಾಡು. ಯವ್ವ ವರಾಂಡದಲ್ಲಿ ಕೂತು ಬುತ್ತಿ ಬಿಚ್ಚಿ, ನನಗೂ ಎರಡು ರೊಟ್ಟಿ, ಪುಂಡಿಪಲ್ಲೆ ಕಳಿಸಿದಳು.

ಸಂಜೆಗೆ ಪ್ರಿಂಟರ್ ಕರಕರ ಎನ್ನುತ್ತ ಹೊಸ ಪಟ್ಟಿ ಉಗುಳಿತು. ಅಧಿಕಾರಿಗಳು ಸದ್ದು ಕೇಳಿಯೇ ಬಂದರು. ಕಾಗದ ಎಳೆದು ನೋಡಿದರು. ಹಿರಿಯರು ಮೊದಲು, ಕಿರಿಯರು ಆಮೇಲೆ ಇರಬೇಕಾದ ಪಟ್ಟಿ ಕಲಸಿಹೋಗಿದೆ ಎಂದು ಗದರಿದರು. ನಿಜವೇ. ತಾರೀಕು ಅಕ್ಷರವಾದ ಮೇಲೆ ಯಂತ್ರ ಅದನ್ನು ಎಡದಿಂದ ಬಲಕ್ಕೆ ಓದಿ ಜೋಡಿಸುತ್ತದೆ. ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ. ಹೀಗಾಗಿ ಜೂನ್ ಒಂದರವರೆಲ್ಲ ಒಂದೇ ಕಡೆ ಬಂದು ಕೂತಿದ್ದರು. ಒಂದು ಹಾಳೆ ಮುಗಿದರೂ ಜೂನ್ ಒಂದು, ಮಡಿಕೆ ಬಿಚ್ಚಿದರೆ ಮತ್ತೆ ಜೂನ್ ಒಂದು. ಇದೇನಿದು, ಜಿಲ್ಲೆಯೆಲ್ಲ ಒಂದೇ ದಿನ ಹುಟ್ಟಿತೇ ಎನ್ನುತ್ತ ಅವರು ಬೆರಳನ್ನು ಕೆಳಗೆ ಎಳೆದುಕೊಂಡು ಹೋದರು. ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು.

ಅದು ಅವರದೇ ಹೆಸರು. ಮೇಲೊಬ್ಬಳು ಕಸಗುಡಿಸುವವಳು, ಕೆಳಗೊಬ್ಬ ಕಾವಲುಗಾರ, ನಡುವೆ ಇವರು. ಮೈಸೂರಿನ ಕಡೆಯ ಹೆಡ್‌ಮಾಸ್ತರರೂ ನಮ್ಮವರ ಹಾಗೆಯೇ ಇದ್ದರು ಎಂದು ಅವತ್ತು ತಿಳಿಯಿತು.

ಬಾಗಿಲಲ್ಲಿದ್ದ ಯವ್ವ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಬಂದಳು.

"ಸಾಹೇಬ್ರ, ನೀವೂ ನಮ್ಮ ಹಾಸ್ಟೆಲ್ ಹುಡುಗ್ಯಾರ ಜೋಡಿನ ಹುಟ್ಟೀರಿ ನೋಡ್ರಿ. ಹುಗ್ಗಿ ಮಾಡಿದಾಗ ಬರ್ರಿ."

ಅವರು ಸಾಲಿನ ಮೇಲಿನ ಬೆರಳು ತೆಗೆದರು. ನಾನು ಹುಟ್ಟಿದ್ದು ಕಾರ್ತಿಕದಲ್ಲಿ ಎಂದು ನಮ್ಮ ಅಮ್ಮ ಹೇಳುತ್ತಿದ್ದರು ಎಂದು ಯಾರಿಗೋ ಹೇಳುವವರಂತೆ ಮೆಲ್ಲಗೆ ಹೇಳಿದರು. ವರ್ಷ ಮೊದಲು ಬರುವ ಹಾಗೆ ಜೋಡಿಸಿ ಇನ್ನೊಮ್ಮೆ ಅಚ್ಚುಮಾಡು ಎಂದರು, ನಾನು ಮಾಡಿದೆ. ಹಳೆಯದರ ಬದಲಿಗೆ ಮೇಲಕ್ಕೆ ಕಳಿಸಲು ಆ ಪಟ್ಟಿಗೆ ಸಹಿ ಹಾಕಿದರು. ಎಂಬತ್ತೆಂಟು ವರ್ಷದವರು ಅದರಲ್ಲಿ ಒಬ್ಬರೂ ಇರಲಿಲ್ಲ.

ಯವ್ವನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಮಾನ್ವಿ ಬಸ್ಸು ತುಂಬಿತ್ತು, ಮೊಣಕೈಯಿಂದ ನಾಲ್ಕು ಜನರನ್ನು ಸರಿಸಿ ಕಿಟಕಿ ಹಿಡಿದಳು. ಬಸ್ಸು ಬಿಡುವ ಹೊತ್ತಿಗೆ ಕೇಳಿದಳು.

"ನೀ ಖರೇ ಹುಟ್ಟಿದ್ದು ಯಾವಾಗಬೇ?"

ಹೊಳೆ ನೀರು ಗೂಗಲ್ ಗುಡಿಯ ಮೆಟ್ಟಿಲಿಗೆ ಬಂದ ವರ್ಷ, ಸಜ್ಜೆ ಕೊಯ್ಲಿನಲ್ಲಿ ಎಂದು ನಮ್ಮವ್ವ ಹೇಳುತ್ತಾಳೆ ಎಂದೆ.

"ಮತ್ತ ಅದನ್ನ ಬರಿ ಹೋಗು. ಈಗ ಜಾಗ ಅದ ಅಲ್ಲ."

ಕಛೇರಿಗೆ ವಾಪಸು ಬಂದೆ. ಚಪ್ಪಲಿ ಬಿಡಲಿಲ್ಲ. ನನ್ನ ಹೆಸರಿನ ಸಾಲು ತೆಗೆದು, ಜೂನ್ ಒಂದನ್ನು ಅಳಿಸಿ, ಅವ್ವ ಹೇಳಿದ್ದನ್ನು ಒಂದೊಂದೇ ಅಕ್ಷರ ಒತ್ತಿ ಬರೆದೆ. ತಿದ್ದು ಎಂದು ಆಮೇಲೆ ಎಷ್ಟೋ ಮೆಮೊ ಬಂದವು. ತಿದ್ದಲಿಲ್ಲ.