ಹತ್ತು ಸುತ್ತಿನ ಕೆಸರು

ನನ್ನ ಚಿಕ್ಕಪ್ಪನನ್ನು ಊರೆಲ್ಲ ಕರೆಯುತ್ತಿದ್ದದ್ದು ಚಕ್ರದಣ್ಣ ಎಂದು. ಕೃಷಿ ಕಚೇರಿಯಲ್ಲಿ ಅವನು ಅಳತೆಗಾರ. ಬಿತ್ತಿದ ಹೊಲಕ್ಕೆ ಸರ್ಕಾರ ಸಹಾಯಧನ ಕೊಡುತ್ತದೆ, ಎಷ್ಟು ಬಿತ್ತಿದ್ದಾರೆಂದು ಅಳೆದು ಬರೆಯುವವನು ಇವನು. ಉದ್ದ ಹಿಡಿಕೆಯ ಒಂಟಿ ಚಕ್ರವನ್ನು ಬದುವಿನ ಮೇಲೆ ಉರುಳಿಸುತ್ತ ಸುತ್ತು ಎಣಿಸುವುದು, ಇಪ್ಪತ್ತಾರು ವರ್ಷ ಇದೇ ಕೆಲಸ.

ಕೆಸರಿನಲ್ಲಿ ಚಕ್ರ ತಿರುಗುವುದಿಲ್ಲ, ಜಾರುತ್ತದೆ. ಅಳತೆ ಕಡಿಮೆ ಬರುತ್ತದೆ. ಅದಕ್ಕೆ ಅವನು ಪ್ರತಿ ಬದಿಗೂ ಹತ್ತು ಸುತ್ತು ಸೇರಿಸುತ್ತಿದ್ದ. ಅಲ್ಲಿಗೇ ನಿಲ್ಲಿಸಿದ್ದರೆ ಸರಿ ಇತ್ತು. ತಗ್ಗಿನವರಿಗೆ ಕೊಟ್ಟು ದಿಬ್ಬದವರಿಗೆ ಕೊಡದಿದ್ದರೆ ಭೇದ ಮಾಡಿದ ಹಾಗಾಗುತ್ತದೆಂದು ಒಣನೆಲಕ್ಕೂ ಹತ್ತು ಸುತ್ತಿನ ಕೆಸರು ಸೇರಿಸಿದ. ಇಂಥ ದಡ್ಡ ನ್ಯಾಯ ಅವನಿಗೇ ಹೊಳೆಯಬೇಕು. ಒಂದು ಲೋಟ ನೀರು ಬಿಟ್ಟರೆ ಯಾರಿಂದಲೂ ಏನೂ ಮುಟ್ಟಿದವನಲ್ಲ. "ಚಕ್ರದಣ್ಣ ಕಾಲಿಟ್ರೆ ಹೊಲವೇ ಬೆಳೆಯತ್ತೆ" ಎಂದು ಜನ ನಗುತ್ತಿದ್ದರು.

ಈ ವರ್ಷ ಕಚೇರಿಯವರು ಆಕಾಶದಿಂದ ತೆಗೆದ ಚಿತ್ರ ತರಿಸಿದರು. ಮನೆಮನೆಗೂ ಕಂದು ಲಕೋಟೆ ಬಂತು: ಹೆಚ್ಚಿಗೆ ಪಡೆದದ್ದನ್ನು ಹಿಂದಿರುಗಿಸಿ, ಇಲ್ಲವೇ ಅಳತೆ ಹೇಗೆ ತಪ್ಪಿತೆಂದು ಬರೆದುಕೊಡಿ. ಚಿಕ್ಕಪ್ಪನಿಗೆ ಬಂದದ್ದರಲ್ಲಿ ಸೋಮವಾರ ವಿಚಾರಣೆ ಎಂದಿತ್ತು.

ಅಂದಿನಿಂದ ಊರು ಬಾಯಿಗೆ ಬೀಗ ಹಾಕಿಕೊಂಡಿತು. ಕ್ಷೌರದವನು ಒಂದು ಮಾತಾಡದೆ ಅವನ ಗಡ್ಡ ಹೆರೆದು ಕಳಿಸಿದ. ಚಹಾದಂಗಡಿಯ ಬೆಂಚಿನಲ್ಲಿ ಅವನಿಗೆ ಜಾಗ ಬಿಡುತ್ತಿದ್ದವರು ಎದ್ದೇ ಹೋದರು. ಚಿಕ್ಕಪ್ಪನಿಗೆ ಮಾತ್ರ ಏನೂ ಅನ್ನಿಸಿದಂತಿರಲಿಲ್ಲ.

"ತಪ್ಪು ನಂದೇ, ಕೆಸರಿನ ಲೆಕ್ಕ ಅಂತ ಹೇಳ್ತೀನಿ" ಎಂದ. "ಬೈತಾರೆ, ಬಡ್ತಿ ಕಿತ್ಕೋತಾರೆ. ಲಂಚ ಅಂತಾದ್ರೆ ಮಾತ್ರ ಜೈಲು. ಅದನ್ನ ಯಾರು ಹೇಳ್ತಾರೆ?"

ಶನಿವಾರ ಸುದ್ದಿ ಹಬ್ಬಿತು: ಅಳತೆಗಾರ ಹೆದರಿಸಿ ಲಂಚ ತೆಗೆದುಕೊಂಡನೆಂದು ಬರೆದುಕೊಟ್ಟವರು ಏನೂ ಹಿಂದಿರುಗಿಸಬೇಕಾಗಿಲ್ಲವಂತೆ. ಮಧ್ಯಾಹ್ನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ಜನ ಕೂತರು. ಅಪ್ಪ ಕಿಟಕಿ ಮುಚ್ಚಿದ.

"ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ" ಎಂದು ಕಾಗದ ನನ್ನ ಮುಂದಿಟ್ಟ.

"ಅಪ್ಪಾ, ಅವನು ನಿನ್ನ ತಮ್ಮ."

"ಅವನು ಒಂಟಿ ಜೀವ. ನಮಗೆ ಮಕ್ಕಳುಮರಿ ಇದೆ. ಬರಿ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ. ನಮ್ಮವರು ನಡುಹೊಳೆಯಲ್ಲೇ ಅಂಬಿಗನನ್ನು ನೂಕಿದರು. ಇವರನ್ನೆಲ್ಲ ಬೈಯುವ ನಾನು ಅಂದು ಬಾಯಿ ಮುಚ್ಚಿಕೊಂಡು ಬರೆದೆ. ಮೊದಲ ಸಹಿ ಅಪ್ಪನದು.

ಸೋಮವಾರ ಕಚೇರಿಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ನಾವೆಲ್ಲ ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ವಿಚಾರಣೆಗೆ ಕೂತ ಸಾಹೇಬರು ಮೇಜಿನ ಮೇಲೆ ನಮ್ಮ ಕಾಗದವನ್ನು ಚಿಕ್ಕಪ್ಪನ ಕಡೆಗೆ ಸರಿಸಿದರು. ಚಿಕ್ಕಪ್ಪ ನಿಧಾನವಾಗಿ ಓದಿದ, ಸಹಿಗಳನ್ನು ಬೆರಳಿಟ್ಟು ಓದಿದ. ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದ.

"ಇದು ನಿನ್ನ ಅಕ್ಷರ ಅಲ್ವಾ, ಮಗಳೇ?"

ನಾನು ಹೌದೆಂದು ತಲೆಯಾಡಿಸಿದೆ.

"ಇದು ನಿಜಾನೋ ಸುಳ್ಳೋ, ಅಷ್ಟು ಹೇಳಿ" ಎಂದರು ಸಾಹೇಬರು.

"ಸುಳ್ಳು ಅಂದ್ರೆ ಏನಾಗತ್ತೆ ಸಾರ್?"

"ಸುಳ್ಳು ದೂರು. ಸಹಿ ಹಾಕಿದೋರು, ಬರೆದೋರು, ಎಲ್ಲರ ಮೇಲೂ ಕೇಸು."

ಚಿಕ್ಕಪ್ಪ ಕಾಗದವನ್ನು ಮಡಿಕೆ ಬೀಳದ ಹಾಗೆ ಹಿಂದಕ್ಕೆ ಸರಿಸಿದ.

"ಹಾಗಾದ್ರೆ ನಿಜ ಅಂತ ಬರ್ಕೊಳ್ಳಿ" ಎಂದ.

ಪಕ್ಕದಲ್ಲಿ ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ನಾನೂ ಬಿಟ್ಟೆ.